ದೊರೆಯ ತಾಟು

ನಮ್ಮ ಮನೆಯಲ್ಲಿ ಪಿಂಗಾಣಿಗೆ ಎರಡು ಜಾತಿ ಇದ್ದವು. ಉಪ್ಪಿನಕಾಯಿಯ ಜಾಡಿ ಒಂದು ಜಾತಿ. ಅದು ಅಡುಗೆಮನೆಯ ಒಳಗೆ, ದೇವರ ಮಾಡದ ಕೆಳಗೇ ಬಿಳಿ ಬಟ್ಟೆಯ ತಲೆಕಟ್ಟು ಕಟ್ಟಿಕೊಂಡು ಗೌಡನ ಹಾಗೆ ಕೂತಿರುತ್ತಿತ್ತು. ಅದೇ ಮಣ್ಣು ತಾಟಾಗಿ ಬಂದರೆ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಹಿತ್ತಲಲ್ಲಿ, ಬಚ್ಚಲಿನ ಪಕ್ಕದ ಗೋಡೆಯಲ್ಲಿ ಇನ್ನೊಂದು ಮಾಡ ಇತ್ತು. ಅಂಚು ಒಡೆದ ಬಿಳಿ ತಾಟೊಂದು, ಹಿಡಿಕೆ ಮುರಿದ ಚಹಾದ ಕಪ್ಪೊಂದು ಅಲ್ಲಿ ಬೋರಲು ಬಿದ್ದಿರುತ್ತಿದ್ದವು. ಬಾವಿಯ ಹೂಳು ತೆಗೆಯಲು ಬಂದವರು, ಸುಣ್ಣ ಬಳಿಯಲು ಬಂದವರು, ಅಜ್ಜಿಯ ಲೆಕ್ಕದಲ್ಲಿ ನಮ್ಮವರಲ್ಲದ ಯಾರೇ ಬಂದರೂ ಆ ತಾಟಿನಲ್ಲಿ ಉಂಡು, ತಾವೇ ತೊಳೆದು, ಮತ್ತೆ ಬೋರಲು ಹಾಕಿ ಹೋಗಬೇಕು. ನಾನು ಚಿಕ್ಕವಳಿದ್ದಾಗ ಒಮ್ಮೆ ಇದರ ಕಾರಣ ಕೇಳಿದ್ದೆ. ಅಜ್ಜಿ ಕುರುಗೋಡಿನವಳು, ಕಾರಣವಿಲ್ಲದೆ ಏನನ್ನೂ ಮಾಡುವವಳಲ್ಲ.

"ಹಿತ್ತಾಳಿಗಿ ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಎಂಜಲ ಹೋಕ್ಕೈತಿ. ಮಣ್ಣು ಹಂಗಲ್ಲವ್ವ. ಮಣ್ಣು ಎಂಜಲಾ ಕುಡೀತೈತಿ. ಒಮ್ಮಿ ಕುಡೀತಂದ್ರ ಒಡ್ಯೋತನಕ ಬಿಡಂಗಿಲ್ಲ."

"ಮತ್ತ ಜಾಡಿ?"

"ಜಾಡಿಗಿ ಯಾರರ ಬಾಯಿ ಹಚ್ಚತಾರೇನ, ಹುಚ್ಚಿ?"

ನಾವು ಲಿಂಗ ಕಟ್ಟಿಕೊಂಡವರು. ನಮ್ಮಲ್ಲಿ ಸೂತಕ ಇಲ್ಲ, ಸತ್ತರೂ ಇಲ್ಲ, ಹೆತ್ತರೂ ಇಲ್ಲ ಎಂದು ಅಜ್ಜಿ ಓಣಿಯ ಉಳಿದ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ನಿಜವೇ. ಮನುಷ್ಯರಿಗೆ ಇಲ್ಲದ ಸೂತಕವನ್ನೆಲ್ಲ ಅವಳು ತಾಟಿನ ಮೇಲೆ ಹೊರಿಸಿದ್ದಳು ಅಷ್ಟೆ.

ಮನೆ ಇದ್ದದ್ದು ಬಳ್ಳಾರಿಯ ಬ್ರೂಸ್‌ಪೇಟೆಯ ಸಗಟು ಅಂಗಡಿಗಳ ಬೆನ್ನಿಗೆ. ಮೆಣಸಿನಕಾಯಿ ಚೀಲ ಇಳಿಸುವ ಹೊತ್ತಿಗೆ ಇಡೀ ಓಣಿ ಸೀನುತ್ತಿತ್ತು. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ, ಎಲ್ಲ ಬಾಗಿಲೂ ಒಂದೇ ಸಾಲಿನಲ್ಲಿ. ಮುಂದಿನ ಕಟ್ಟೆಯ ಮೇಲೆ ಕೂತವರಿಗೆ ಹಿತ್ತಲ ಬಾಗಿಲಿನ ಬೆಳಕು ಕಾಣುತ್ತಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಿನ ಕೊನೆಗೆ ಒಲೆಗೆ ಹಾಕುವ ಸೆಗಣಿಯ ಕುಳ್ಳು ಒಟ್ಟುವ ಒಂದು ಕೋಣೆ. ನೆಲಕ್ಕೆಲ್ಲ ಕಡಪ ಕಲ್ಲು. ಬೇಸಿಗೆಯಲ್ಲಿ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ ಅಂಗಾತ ಮಲಗುವುದೇ ನಮಗೆ ಗೊತ್ತಿದ್ದ ತಂಪು. ಇದ್ದವರು ನಾಲ್ಕೇ ಜನ, ಅಜ್ಜಿ, ಅಪ್ಪ, ಅವ್ವ, ನಾನು. ಅಪ್ಪ ಸಂಗನಕಲ್ಲಿನ ಕಡೆಗಿದ್ದ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಬಂದಾಗ ರೆಪ್ಪೆಯ ಕೂದಲಿಗೂ ಕಲ್ಲಿನ ಹಿಟ್ಟು ಮೆತ್ತಿರುತ್ತಿತ್ತು. ಅವ್ವ ಸಿರುಗುಪ್ಪದವಳು. ಭತ್ತದ ಗದ್ದೆಗಳ ನಡುವೆ ಹುಟ್ಟಿದವಳಿಗೆ ಎರಡು ಹೊತ್ತೂ ಅನ್ನ ಬೇಕು, ನಮ್ಮ ಮನೆಯಲ್ಲೋ ರೊಟ್ಟಿಯದೇ ರಾಜ್ಯ. "ಅನ್ನದ ಊರಾಕಿ" ಎಂದು ಅಜ್ಜಿ ಕೆಣಕುತ್ತಿದ್ದಳು. "ರೊಟ್ಟಿ ಬಡಿಯಾಕ ಬಂದಾಕಿ ಅನ್ನೋದು ಮರೀಬ್ಯಾಡ್ರಿ ಅತ್ತಿ" ಎಂದು ಅವ್ವ ತಿರುಗಿ ಹೇಳುತ್ತಿದ್ದಳು. ಅವಳು ಬಾಯಿ ಸತ್ತವಳಲ್ಲ. ಹಾಗಂದುಕೊಂಡು ಓದಬೇಡಿ.

ಆದರೆ ಮನೆಯಲ್ಲಿ ಎಲ್ಲರಿಗೂ ಒಂದೊಂದು ತಾಟು ಇತ್ತು, ಅವ್ವನಿಗೆ ಇರಲಿಲ್ಲ. ಅಜ್ಜಿಗೆ ಕಂಚಿನ ಗಂಗಾಳ, ಅಪ್ಪನಿಗೆ ದೊಡ್ಡ ಸ್ಟೀಲಿನ ತಾಟು, ನನಗೆ ಸಿರುಗುಪ್ಪದ ಮಾವ ಹೆಸರು ಕೆತ್ತಿಸಿ ಕೊಟ್ಟಿದ್ದ ಸಣ್ಣ ತಾಟು. ಅಪ್ಪ ಉಂಡೆದ್ದ ತಾಟಿನಲ್ಲೇ ಅವ್ವ ಬಡಿಸಿಕೊಳ್ಳಬೇಕು. ಹೊರಗಿನವರ ಎಂಜಲನ್ನು ಮಣ್ಣು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಗಂಡನ ಎಂಜಲು ಮಾತ್ರ ಪ್ರಸಾದ. ಅಪ್ಪ ಬದನೆಕಾಯಿಯ ತೊಟ್ಟು, ಕರಿಬೇವು, ಹಸಿಮೆಣಸಿನಕಾಯಿ ಎಲ್ಲವನ್ನೂ ತಾಟಿನ ಅಂಚಿಗೆ ಸಾಲಾಗಿ ಇಟ್ಟು ಎದ್ದುಹೋಗುತ್ತಿದ್ದ. ಅವ್ವ ಅವನ್ನೆಲ್ಲ ಒಂದು ಬೆರಳಿನಿಂದ ಪಕ್ಕಕ್ಕೆ ದೂಡಿ, ಉಳಿದ ಜಾಗದಲ್ಲಿ ತನ್ನ ಊಟ ಹಾಕಿಕೊಳ್ಳುತ್ತಿದ್ದಳು. ಹಾಗೆ ದೂಡುವಾಗ ಅವಳು ಯಾವತ್ತೂ ತಾಟನ್ನು ನೋಡುತ್ತಿರಲಿಲ್ಲ.

ಇಂಥ ಮನೆಗೆ ಮಾರೆಣ್ಣ ಬಂದ. ಅವನ ಹೆಸರು ಮಾರಿಯೊ, ಇಟಲಿಯವನು. ಕಾರ್ಖಾನೆಯ ಕಲ್ಲು ಕೊಯ್ಯುವ ಯಂತ್ರ ಅವನ ಸೀಮೆಯಿಂದ ಬಂದದ್ದು, ವರ್ಷಕ್ಕೊಮ್ಮೆ ಅದರ ಆರೈಕೆಗೆ ಅವನೂ ಬರುತ್ತಿದ್ದ. ಕಾರ್ಖಾನೆಯವರ ಬಾಯಲ್ಲಿ ಮೊದಲ ದಿನವೇ ಮಾರೆಣ್ಣನಾದ. ಬಳ್ಳಾರಿಯಲ್ಲಿ ಓಣಿಗೊಬ್ಬ ಮಾರೆಣ್ಣ ಇದ್ದೇ ಇರುತ್ತಾನೆ, ಇವನೊಬ್ಬ ಕೆಂಪು ಮೂತಿಯ ಮಾರೆಣ್ಣ ಅಷ್ಟೆ. ಅಜ್ಜಿಗೆ ಮಾತ್ರ ಕೊನೆಯವರೆಗೂ ಅವನು ದೊರೆ. ಹೋಟೆಲಿನ ಊಟ ಹೊಟ್ಟೆಗೆ ಒಗ್ಗದೆ ಅವನು ನೆಲ ಹಿಡಿದಾಗ ಅಪ್ಪ ಹಿಂದೆಮುಂದೆ ನೋಡದೆ ಮನೆಗೆ ಕರೆತಂದ. ಮನೆಗೆ ಬಂದವರಿಗೆ ಉಣ್ಣಲು ಇಲ್ಲ ಎನ್ನುವ ಪೈಕಿ ಅಲ್ಲ ನಮ್ಮ ಅಜ್ಜಿ. ಮೊಸರನ್ನ ಕಲಸು ಎಂದಳು, ಮೆತ್ತಗಿನ ರೊಟ್ಟಿ ಬಡಿ ಎಂದಳು. ಆಮೇಲೆ ಅವ್ವನ ಕಿವಿಯ ಹತ್ತಿರ ಹೋಗಿ, ಪಡಸಾಲೆಗೆ ಕೇಳಿಸುವಷ್ಟು ಜೋರಾಗಿ ಪಿಸುಗುಟ್ಟಿದಳು.

"ದನಾ ತಿನ್ನೋ ಮಂದಿ. ಹಿತ್ತಲದಾನ ತಾಟು ತೊಳಕೊಂಡು ಬಾ."

ಹೀಗೆ ಪಡಸಾಲೆಯಲ್ಲಿ ಅಪ್ಪನ ಮುಂದೆ ಸ್ಟೀಲು, ಮಾರೆಣ್ಣನ ಮುಂದೆ ಅಂಚು ಒಡೆದ ಪಿಂಗಾಣಿ. ಅವನು ಒಮ್ಮೆ ಅಪ್ಪನ ತಾಟು ನೋಡಿದ, ಒಮ್ಮೆ ತನ್ನದನ್ನು ನೋಡಿದ. ಮುಖ ಅರಳಿತು. ಮನೆಯಲ್ಲಿರುವ ಒಂದೇ ಒಂದು ಪಿಂಗಾಣಿ ತಾಟನ್ನು ಅತಿಥಿಗೆಂದು ಎತ್ತಿಟ್ಟು ಕೊಟ್ಟಿದ್ದಾರೆ ಎಂದು ಅವನು ತಿಳಿದುಕೊಂಡ. ಉಂಡಾದ ಮೇಲೆ ಅದನ್ನು ಕರವಸ್ತ್ರದಿಂದ ಒರೆಸಿ, ತಿರುವಿ, ಬೆನ್ನ ಮೇಲೆ ಏನೋ ಹುಡುಕಿದ. ಎಂಜಲು ತಾಟನ್ನು ಪಡಸಾಲೆಯಲ್ಲಿ ತಿರುವಿ ಹಾಕಿದ್ದನ್ನು ಕಂಡು ಅಜ್ಜಿ ನಡುಮನೆಯ ಬಾಗಿಲಲ್ಲಿ ಶಿವಶಿವಾ ಎನ್ನುತ್ತ ನಿಂತಳು. ಅವನು ಅದನ್ನೂ ಆಶೀರ್ವಾದವೆಂದೇ ತಿಳಿದು ತಲೆ ಬಾಗಿದ. ಅವನ ತಪ್ಪನ್ನು ತಿದ್ದುವ ಧೈರ್ಯ ಅಪ್ಪನಿಗೆ ಬರಲಿಲ್ಲ, ಅಪ್ಪನ ಇಂಗ್ಲಿಷಿಗೂ ಅಷ್ಟು ಶಕ್ತಿ ಇರಲಿಲ್ಲ.

ಮರುವರ್ಷ ಅವನು ಬಂದಾಗ ಕೈಯಲ್ಲಿ ಅಂಗಿಗಳಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ತಾಟು. ಹಾಲಿನ ಕೆನೆಯ ಬಣ್ಣದ ಮೈ, ಅದರ ಮೇಲೆ ಒಂದು ಹುಂಜ, ಸುತ್ತ ನೀಲಿ ಎಲೆಬಳ್ಳಿ. ಅವನ ಅಕ್ಕ ಊರಿನಲ್ಲಿ ತಾಟಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಾಳಂತೆ. ಇದು ಅವಳ ಕೈಯದು, ಇಷ್ಟು ಪಿಂಗಾಣಿ ಪ್ರೀತಿಯ ಮನೆಯ ಯಜಮಾನಿಗೆಂದು ಕಳಿಸಿದ್ದಾಳಂತೆ. ಅಪ್ಪ ಅನುವಾದಿಸುತ್ತ ಬೆವರಿದ. ಅಜ್ಜಿಗೆ ಯಾರೋ ಪಿಂಗಾಣಿಯಲ್ಲಿ ಎಲುಬಿನ ಪುಡಿ ಹಾಕಿರುತ್ತಾರೆ ಎಂದು ಹೇಳಿದ್ದರು.

"ಕೇಳು, ಎಲುಬು ಹಾಕ್ಯಾರೇನು ಕೇಳು ಆತನ್ನ."

ಎಲುಬಿಲ್ಲ, ಬರೀ ಕೆಮ್ಮಣ್ಣು ಎಂದ ಮಾರೆಣ್ಣ. ದೊರೆಗಳು ಸುಳ್ಳು ಹೇಳಿಯೇ ದೇಶ ಆಳಿದ್ದು ಎಂದಳು ಅಜ್ಜಿ. ಆಳಿದವರು ಬೇರೆ ದೊರೆಗಳು ಎಂದು ಅಪ್ಪ ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ತೀರ್ಪು ಕೊಟ್ಟಳು. ಛಲೋ ಆತು, ಆತನ ತಾಟು ಆತನ ತಂದಾನ, ಬಂದಾಗ ಅದ್ರಾಗ ಉಣ್ಣಲಿ. ಒಡಕು ತಾಟಿನ ಮೇಲೆ ಹುಂಜದ ತಾಟು ಹಿತ್ತಲ ಮಾಡ ಸೇರಿತು. ಅಂದಿನಿಂದ ಅದರ ಹೆಸರು ದೊರೆಯ ತಾಟು. ಆಮೇಲೆ ಪ್ರತಿ ಸಲ ಅವನು ಒಂದೊಂದು ತಂದ. ನಿಂಬೆಹಣ್ಣಿನ ಗೊಂಚಲಿನದು, ನವಿಲುಗರಿಯ ಕಣ್ಣುಗಳದು, ದಾಳಿಂಬೆಯದು. ಎಲ್ಲವೂ ಬಚ್ಚಲಿನ ಹೊಗೆ ಕುಡಿಯುತ್ತ ಅದೇ ಮಾಡದಲ್ಲಿ ಒಂದರ ಮೇಲೊಂದು ಕೂತವು.

ಅಜ್ಜಿ ಮಧ್ಯಾಹ್ನ ಮಲಗಿದ ಮೇಲೆ ಅವ್ವ ಅವನ್ನು ಇಳಿಸುತ್ತಿದ್ದಳು. ಹಿತ್ತಲ ಬಾಗಿಲಿನ ನೆರಳಿನಲ್ಲಿ ಕೂತು, ಸೆರಗಿನಿಂದ ಮಸಿ ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. ಅವಳು ನೋಡುವುದನ್ನು ನೋಡಿ ನಾನು ಕಲಿತೆ. ಅವಳ ರಂಗೋಲಿ ಇಡೀ ಓಣಿಗೆ ಹೆಸರಾಗಿತ್ತು. ಆ ಕಣ್ಣಿನಿಂದಲೇ ಅವಳು ತಾಟನ್ನೂ ಓದುತ್ತಿದ್ದಳು.

"ಇಲ್ಲಿ ನೋಡು, ಎಲಿ ಇಲ್ಲಿಂದ ಸುರು ಮಾಡ್ಯಾಳ. ದಪ್ಪ ಐತಲ್ಲ? ಇಲ್ಲಿ ಕೈ ಎತ್ಯಾಳ, ಸಣ್ಣಗಾಗೈತಿ. ಈ ಎಲಿಗಿ ಬಂದಾಗ ಯಾರೋ ಕರದಾರ ಆಕಿನ್ನ, ಕೈ ಹೊಳ್ಳೈತಿ."

"ಅಳಿಸಬೇಕಿತ್ತು."

"ಅಳಿಸಾಕ ಬರಂಗಿಲ್ಲಂತ. ನಿಮ್ಮಪ್ಪ ಕೇಳ್ಯಾನ. ಬಿಳಿ ಹಿಟ್ಟಿನಂಥಾದ್ದು ಬಳದಿರ್ತಾರಂತ, ಅದು ಬಣ್ಣಾ ಮುಟ್ಟಿದ ಕೂಡ್ಲೆ ಕುಡದ ಬಿಡತೈತಂತ. ಬಿದ್ದದ್ದು ಬಿತ್ತು."

ಈಗ ನಾನು ಅವನ್ನೆಲ್ಲ ಪುಸ್ತಕದಿಂದಲೂ ಬಲ್ಲೆ. ಸುಟ್ಟ ಕೆಮ್ಮಣ್ಣಿನ ತಾಟನ್ನು ಬಿಳಿ ಹೊಳಪಿನ ಗಂಜಿಯಲ್ಲಿ ಅದ್ದಿ ಆರಿಸುತ್ತಾರೆ, ಅದರ ಮೇಲೆ ಕುಂಚ ಆಡಿಸಿ ಮತ್ತೊಮ್ಮೆ ಬೆಂಕಿಗೆ ಕೊಡುತ್ತಾರೆ. ನವಿಲುಗರಿ ಫಾಯೆಂಜಾ ಎಂಬ ಊರಿನ ಹಳೆಯ ಚಿತ್ತಾರ, ಹೆಣ್ಣಿನ ಮುಖ ಬರೆಯುವುದು ದೆರೂತಾ ಎಂಬ ಇನ್ನೊಂದು ಊರಿನವರ ಪದ್ಧತಿ. ಇದೇ ಊರಿನ ಗಾಂಧಿನಗರದ ನನ್ನ ಮನೆಯ ಗೋಡೆಯ ತುಂಬ ಈಗ ಇಂಥ ತಾಟುಗಳಿವೆ. ಟೀಚರಾಗಿ ದುಡಿದದ್ದರಲ್ಲಿ ಉಳಿದದ್ದನ್ನು ನಾನು ಚಿನ್ನಕ್ಕೆ ಹಾಕಲಿಲ್ಲ. ಕಲ್ಲಿನ ವ್ಯಾಪಾರಕ್ಕೆ ಆ ದೇಶಕ್ಕೆ ಹೋಗಿಬರುವವರ ಬೆನ್ನು ಬಿದ್ದು ತರಿಸಿದ್ದೇನೆ. ಕೆಲವು ಬರುವಾಗಲೇ ಒಡೆದವು, ಕೆಲವು ಅಚ್ಚೊತ್ತಿದ ಮೋಸದವು. ಕೈಯ ಕೆಲಸ ಯಾವುದು, ಅಚ್ಚು ಯಾವುದು ಎಂದು ತಿಳಿಯಲು ನನಗೆ ಭೂತಗನ್ನಡಿ ಬೇಕಿಲ್ಲ. ಕೈ ಹೊಳ್ಳಿ ಗೆರೆ ವಾಲಿದ ಒಂದು ಎಲೆಯಾದರೂ ಇರಬೇಕು. ಇಲ್ಲದಿದ್ದರೆ ಅದು ಮನುಷ್ಯರು ಮಾಡಿದ್ದಲ್ಲ.

ಕೊನೆಯದಕ್ಕಿಂತ ಹಿಂದಿನ ಸಲ ಮಾರೆಣ್ಣ ತಂದದ್ದು ಹೆಣ್ಣಿನ ಮುಖದ ತಾಟು. ಪಕ್ಕಕ್ಕೆ ತಿರುಗಿದ ಮುಖ, ಹಳದಿ ಕೂದಲು, ಉದ್ದನೆಯ ಕತ್ತು, ಒಂದೇ ಕಣ್ಣು. "ಯಾರಾಕಿ ಈಕಿ, ಬೋಳು ಹಣಿಯಾಕಿ" ಎಂದಳು ಅಜ್ಜಿ. ಅವ್ವ ಅವತ್ತು ಬಡಿಸುತ್ತ ಬಡಿಸುತ್ತ, ಸೌಟು ಕೈಯಲ್ಲಿ ಹಿಡಿದೇ, ಅಪ್ಪನಿಗೆ ಒಂದು ಮಾತು ಕೇಳಿದಳು. ನನಗೆ ಅದು ಅಕ್ಷರಕ್ಕೆ ಅಕ್ಷರ ನೆನಪಿದೆ.

"ಇಂಥಾ ತಾಟಿನ್ಯಾಗ ಅವರ ಅಕ್ಕ ಉಣ್ತಾಳೇನ ಕೇಳ್ರಿ."

ಅಪ್ಪ ಕೇಳಿದ. ಮಾರೆಣ್ಣ ನಕ್ಕು ಉದ್ದಕ್ಕೆ ಏನೋ ಹೇಳಿದ.

"ಇವು ಗ್ವಾಡಿಗಿ ತೂಗ ಹಾಕೂವಂತ. ಉಣ್ಣೂವು ಬ್ಯಾರೆ ಇರ್ತಾವಂತ."

"ಹಂಗಾರ ಉಣ್ಣೂದು ಒಂದು ತರ್ರಿ ಅಂತ ಹೇಳ್ರಿ. ನನಗ." ಅವ್ವ ಸೌಟು ಹಿಡಿದ ಕೈಯಿಂದಲೇ ಎದೆ ಮುಟ್ಟಿಕೊಂಡಳು. "ಒಂದು ದಿನರ ನನ್ನ ತಾಟಿನ್ಯಾಗ ನಾ ಉಂಡೇನು."

ನಡುಮನೆಯಲ್ಲಿ ಅಜ್ಜಿಯ ಅಡಕತ್ತರಿಯ ಸದ್ದು ನಿಂತಿತು. ಅಪ್ಪ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಅವಳ ಮಾತನ್ನೇ ಹೇಳಿದನೋ, ಊಟ ಹೇಗಿದೆ ಎಂದು ಕೇಳಿದನೋ ನನಗೆ ತಿಳಿಯಲಿಲ್ಲ. ಮಾರೆಣ್ಣ ತನಗೆ ಬರುತ್ತಿದ್ದ ಎರಡೇ ಕನ್ನಡ ಮಾತುಗಳಲ್ಲಿ ಒಂದನ್ನು ಹೇಳಿದ, "ಛಲೋ ಐತಿ". ಅವನು ಹೋದ ಮೇಲೆ ಜಗಳ ಶುರುವಾಯಿತು. ಗಂಡನ ತಾಟು ಹೇಸಿಗೆಯಾಯಿತೇ ಎಂದು ಅಜ್ಜಿ, ಹೇಸಿಗೆ ಎಂದವರು ಯಾರು, ನನ್ನದೊಂದು ಇರಲಿ ಎಂದೆ ಎಂದು ಅವ್ವ. ಅಪ್ಪ ಕಟ್ಟೆಯ ಮೇಲೆ ಹೋಗಿ ಕೂತು ಬೀಡಿ ಹಚ್ಚಿದ. ಮನೆಯಲ್ಲಿ ಜಗಳ ಎದ್ದರೆ ಅವನಿಗೆ ಆ ಕಟ್ಟೆ ಒಂದೇ ಊರು.

ಆ ಬೇಸಿಗೆಯಲ್ಲಿ ಅವ್ವನಿಗೆ ಕೆಮ್ಮು ಹಿಡಿಯಿತು. ಮೆಣಸಿನಕಾಯಿ ಘಾಟು ಎಂದುಕೊಂಡೆವು, ಕುಳ್ಳಿನ ಹೊಗೆ ಎಂದುಕೊಂಡೆವು. ಸೆರಗಿನಲ್ಲಿ ರಕ್ತ ಕಂಡ ದಿನ ಅಪ್ಪ ಡಾಕ್ಟರ ಹತ್ತಿರ ಕರೆದೊಯ್ದ. ಟಿ.ಬಿ. ಎಂದರು. ಗುಳಿಗೆ ಕೊಟ್ಟರು, ಎಷ್ಟೇ ಚೆನ್ನಾದರೂ ಬಿಡಬಾರದು ಎಂದೂ ಹೇಳಿದರು. ನುಂಗಿದಳು. ಮಳೆಗಾಲದ ಹೊತ್ತಿಗೆ ಕೆಮ್ಮು ನಿಂತಿತು, ಕೆನ್ನೆ ತುಂಬಿಕೊಂಡವು, ರಂಗೋಲಿ ಮತ್ತೆ ಅಂಗಳಕ್ಕೆ ಇಳಿಯಿತು. ಆ ಗುಳಿಗೆ ಬಲು ಉಷ್ಣ, ಇನ್ನು ಸಾಕು ಎಂದಳು ಅಜ್ಜಿ. ಸಾಕು ಎಂದಳು ಅವ್ವನೂ. ಸಾಕಾಗಿಲ್ಲ ಎಂದು ಗೊತ್ತಾಗುವಾಗ ತಡವಾಗಿತ್ತು.

ಸ್ವಲ್ಪ ದಿನ ತವರಿನ ಗಾಳಿ ಕುಡಿದು ಬರಲಿ ಎಂದು ಸಿರುಗುಪ್ಪಕ್ಕೆ ಕಳಿಸಿದರು. ಗದ್ದೆಯ ಗಾಳಿ, ಅನ್ನದ ಊರು, ಹುಟ್ಟಿದ ಮನೆ. ವಾರ ತುಂಬುವುದರೊಳಗೆ ಮಾವನೇ ಬಸ್ಸಿನಲ್ಲಿ ವಾಪಸು ತಂದು ಬಿಟ್ಟ. ಮಾವನ ಹೆಂಡತಿಗೆ ಸಣ್ಣ ಮಕ್ಕಳಿದ್ದವು. ಮಾವ ಒಂದು ಚೀಲ ಹೊಸ ಅಕ್ಕಿ ಇಳಿಸಿ ನೀರೂ ಕುಡಿಯದೆ ಹೊರಟ. ಅವ್ವ ಕಟ್ಟೆಯ ಮೇಲೆ ಕೂತು ಬಸ್ಸಿನ ಧೂಳು ಕೊಡವಿಕೊಂಡಳು. ಒಳಗೆ ಬರುವಂತೆ ಯಾರಾದರೂ ಕರೆಯಲಿ ಎಂದು ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಅಜ್ಜಿ ಆ ಹೊತ್ತಿಗೆ ಹಿತ್ತಲಲ್ಲಿ ಕುಳ್ಳಿನ ಕೋಣೆ ಖಾಲಿ ಮಾಡಿಸಿ, ಸಾರಿಸಿ, ಚಾಪೆ ಹಾಸುತ್ತಿದ್ದಳು.

ಅಜ್ಜಿ ಕೆಟ್ಟವಳಾಗಿದ್ದರೆ ನನಗೆ ಇದನ್ನು ಬರೆಯುವುದು ಸಲೀಸಾಗುತ್ತಿತ್ತು. ಅವಳು ಬೆಳಗಾಗೆದ್ದು ಸೊಸೆಗೆ ಗಂಜಿ ಕಾಯಿಸುತ್ತಿದ್ದಳು, ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಿದ್ದಳು, ದೇವರ ಮಾಡದ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಸೊಸೆ ಬದುಕಬೇಕು ಎಂದು ಅವಳಿಗೆ ನಿಜವಾಗಿಯೂ ಇತ್ತು. ಆದರೆ ಸ್ಟೀಲಿನ ತಾಟು ಅಪ್ಪನದು. ಅದರಲ್ಲಿ ಇನ್ನು ಅವ್ವ ಉಣ್ಣುವ ಹಾಗಿರಲಿಲ್ಲ. ಅವ್ವ ಮನೆಯಲ್ಲಿ ಹೊರಗಿನವಳಾಗಿದ್ದಳು, ಹೊರಗಿನವರಿಗೆ ಯಾವ ತಾಟು ಎಂಬುದು ನಮ್ಮ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

"ಆ ದೊರಿ ತಾಟು ಅದಾವಲ್ಲ. ಅದ್ರಾಗ ಕೊಡು ಆಕಿಗಿ" ಎಂದಳು ಅಪ್ಪನಿಗೆ.

ಅಪ್ಪ ಹೆಣ್ಣಿನ ಮುಖದ ತಾಟು ತೊಳೆದು, ಅನ್ನ, ಬೇಳೆಕಟ್ಟು ಹಾಕಿ ಕುಳ್ಳಿನ ಕೋಣೆಯ ಹೊಸ್ತಿಲಲ್ಲಿ ಇಟ್ಟ. ನಾನು ಹಿತ್ತಲ ತುಳಸಿ ಗಿಡದ ಹತ್ತಿರ ನಿಂತಿದ್ದೆ. ಅಲ್ಲಿಂದ ಮುಂದಕ್ಕೆ ನನಗೆ ಅಪ್ಪಣೆ ಇರಲಿಲ್ಲ. ಅವ್ವ ತಾಟು ನೋಡಿದಳು. ನಕ್ಕಳು. ನಗುವಿನಿಂದ ಕೆಮ್ಮು ಎದ್ದು ಬಹಳ ಹೊತ್ತು ನಿಲ್ಲಲಿಲ್ಲ.

"ನೋಡಿದೇನ? ಕೇಳಿದ್ದು ಸಿಕ್ತು ನನಗ."

ಅಂದಿನಿಂದ ದಿನಕ್ಕೊಂದು ತಾಟು ಬದಲಿಸಿ ಕೇಳುತ್ತಿದ್ದಳು. ಇವತ್ತು ಹುಂಜದ್ದು, ನಾಳೆ ನಿಂಬೆಹಣ್ಣಿನದು. ಎಲ್ಲಕ್ಕಿಂತ ಹೆಚ್ಚಾಗಿ ಆ ಮುಖದ್ದು. ನನ್ನನ್ನು ತುಳಸಿಯ ಹತ್ತಿರವೇ ಕೂರಿಸಿ ಉಣ್ಣುತ್ತಿದ್ದಳು. ಅದು ನಮ್ಮಿಬ್ಬರ ಆಟ. ಅನ್ನ ಮೇಲೆ ಇರುವಾಗ ಆ ಹೆಂಗಸು ಕಾಣುವುದಿಲ್ಲ. ಒಂದೊಂದು ತುತ್ತು ಎತ್ತಿದ ಹಾಗೆ ಮೊದಲು ಹಳದಿ ಕೂದಲು, ಆಮೇಲೆ ಕತ್ತು, ಕೊನೆಗೆ ಕಣ್ಣು.

"ಈಗ ಏನು ಕಾಣತೈತವ್ವ?" ನಾನು ಕೂಗುತ್ತಿದ್ದೆ.

"ಮೂಗು ಬಂತು. ತಡಿ, ಕಣ್ಣು ತೋರಸ್ತೀನಿ."

ಕಣ್ಣು ಕಂಡ ದಿನ ತಾಟನ್ನು ನನ್ನ ಕಡೆಗೆ ಎತ್ತಿ ಹಿಡಿಯುತ್ತಿದ್ದಳು. ಅವಳು ಊಟ ಮಾಡಿದಳು ಎಂಬುದಕ್ಕೆ ಅದೇ ಸಾಕ್ಷಿ, ಅಡುಗೆಮನೆಗೆ ಓಡಿಹೋಗಿ ಹೇಳುತ್ತಿದ್ದೆ, ಅಜ್ಜಿ ಕೈಮುಗಿಯುತ್ತಿದ್ದಳು. ಬರಬರುತ್ತ ಮೂಗಿನವರೆಗೆ ಬಂದು ನಿಲ್ಲತೊಡಗಿತು. ಆಮೇಲೆ ಕತ್ತಿಗೆ. ಆಮೇಲೆ ಕೂದಲಿನ ಒಂದು ಎಳೆ. ಚಳಿ ಬೀಳುವ ಹೊತ್ತಿಗೆ ಅಪ್ಪ ಇಟ್ಟ ಅನ್ನ ಇಟ್ಟ ಹಾಗೇ ಇರುತ್ತಿತ್ತು, ಆ ಹೆಂಗಸು ಅದರ ಕೆಳಗೇ ಉಳಿದುಬಿಟ್ಟಳು. ನಾನು ತುಳಸಿಯ ಹತ್ತಿರ ಕೂತು ಏನು ಕಾಣುತ್ತದೆ ಎಂದು ಕೇಳುವುದನ್ನೂ ಬಿಟ್ಟೆ.

ಅವ್ವನನ್ನು ಪಡಸಾಲೆಗೆ ತಂದದ್ದು ಜೀವ ಹೋದ ಮೇಲೆಯೇ. ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವಿನಲ್ಲಿ ಮುಚ್ಚಿದರು. ಸೂತಕ ಇಲ್ಲ ನಮ್ಮಲ್ಲಿ, ಎಲ್ಲರೂ ಹತ್ತಿರ ಹೋಗಿ ಕಾಲು ಮುಟ್ಟಿದರು, ನನಗೂ ಅವತ್ತು ತಡೆ ಇರಲಿಲ್ಲ. ಮಣ್ಣು ಕೊಟ್ಟು ಬಂದ ಮರುದಿನ ಅಜ್ಜಿ ಕುಳ್ಳಿನ ಕೋಣೆಗೆ ಸುಣ್ಣ ಹೊಡೆಸಿದಳು. ಚಾಪೆ, ದಿಂಬು ಸುಟ್ಟರು. ತಂಬಿಗೆಯನ್ನು ಬೆಂಕಿಗೆ ಹಿಡಿದು, ಹುಣಸೆಹಣ್ಣು ಹಚ್ಚಿ ಒಳಗೆ ತೆಗೆದುಕೊಂಡರು. ತಾಟುಗಳನ್ನು ಹಾಗೆ ಮಾಡಲು ಬರುವುದಿಲ್ಲವಲ್ಲ. ಅಪ್ಪ ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ಹಾಕಿದ. ಬೇಡ ಎಂದು ನಾನು ಚೀಲ ಹಿಡಿದುಕೊಂಡೆ. ಒಂದನ್ನಾದರೂ ಇಡು ಅಪ್ಪ ಎಂದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚೀಲವನ್ನು ಸೈಕಲ್ಲಿನ ಹಿಂದೆ ಕಟ್ಟಿದ. ಓಣಿಯ ಕಲ್ಲುಗಳ ಮೇಲೆ ಸೈಕಲ್ಲು ಕುಣಿದ ಹಾಗೆ ತಾಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತ ಹೋದವು. ಕಾರ್ಖಾನೆಯ ಹಿಂದೆ ಒಡೆದ ಕಲ್ಲಿನ ಚೂರು ಸುರಿಯುವ ಗುಂಡಿಗೆ ಹಾಕಿದೆ ಎಂದು ಬಹಳ ವರ್ಷಗಳ ನಂತರ ಹೇಳಿದ. ಅಷ್ಟರಲ್ಲಿ ಆ ಗುಂಡಿ ತುಂಬಿ, ನೆಲ ಸಮ ಮಾಡಿ, ಮೇಲೆ ನಿವೇಶನಗಳಾಗಿದ್ದವು. ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಅವನು ಸತ್ತ ಮೇಲೂ ಅದು ಸತ್ತಿಲ್ಲ.

ತಿಂಗಳು ಕಳೆದಿರಬಹುದು, ಮಾರೆಣ್ಣ ಬಂದ. ಬಾಗಿಲಲ್ಲಿ ನಿಂತು ಎಂದಿನ ಹಾಗೆ ಒಳಗೆ ಬಗ್ಗಿ ನೋಡಿದ. ಅಪ್ಪ ಹೇಳಿದ. ಅವನು ಕಟ್ಟೆಯ ಮೇಲೆ ಕುಸಿದು ಕೂತು ಟೋಪಿ ತೆಗೆದ. ಆಮೇಲೆ ತಾಟುಗಳು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದ. ಅಪ್ಪ ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು, ಆ ಹೊತ್ತಿಗೆ ಶಾಲೆಯಲ್ಲಿ ಅಷ್ಟು ಇಂಗ್ಲಿಷು ಕಲಿತಿದ್ದೆ. ಅವಳ ಜೊತೆಗೇ ಮಣ್ಣಿನಲ್ಲಿ ಇಟ್ಟೆವು ಎಂದ. ಮಾರೆಣ್ಣ ಅಪ್ಪನ ಎರಡೂ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಅಕ್ಕನಿಗೆ ಹೇಳುತ್ತೇನೆ, ಇದಕ್ಕಿಂತ ದೊಡ್ಡ ಮರ್ಯಾದೆ ಅವಳ ಕೆಲಸಕ್ಕೆ ಯಾರೂ ಕೊಟ್ಟಿಲ್ಲ ಎಂದ. ಅವತ್ತೂ ಅವನನ್ನು ತಿದ್ದುವವರು ಯಾರೂ ಇರಲಿಲ್ಲ. ಪಿಂಗಾಣಿ ತಾಟು ಒಂದೂ ಉಳಿದಿರಲಿಲ್ಲವಾದ್ದರಿಂದ ಅಜ್ಜಿ ಮುತ್ತುಗದ ಎಲೆಯಲ್ಲಿ ಬಡಿಸಿದಳು. ಅವನು ನಾಲ್ಕು ತುತ್ತು ಉಂಡು, ಚೀಲದಿಂದ ಅಂಗಿಯಲ್ಲಿ ಸುತ್ತಿದ ಗಂಟು ತೆಗೆದು ನನ್ನ ಕೈಗೆ ಕೊಟ್ಟ.

ಹುಂಜವಿಲ್ಲ, ಮುಖವಿಲ್ಲ. ಬರೀ ಬಿಳಿ, ಸ್ವಲ್ಪ ಆಳವಾದ, ದಪ್ಪ ಅಂಚಿನ ತಾಟು. ಅಂಚಿಗೆ ಒಂದೇ ನೀಲಿ ಗೆರೆ, ಗೆರೆಯ ಒಂದು ಕಡೆ ಪುಟ್ಟ ನಿಂಬೆಹಣ್ಣು. ಗೋಡೆಗಲ್ಲ, ಉಣ್ಣಲು ಎಂದ ಮಾರೆಣ್ಣ. ಕಳೆದ ಸಲ ಅವ್ವ ಕೇಳಿದ್ದಳಂತೆ, ತನಗೆ ಒಂದು ಬೇಕು, ದಿನಾ ಉಣ್ಣಲು. ಅಂದರೆ ಅಪ್ಪ ಅವತ್ತು ಅವಳ ಮಾತನ್ನೇ ಹೇಳಿದ್ದ. ನಾನು ಅಪ್ಪನ ಕಡೆ ನೋಡಿದೆ. ಅವನು ಎದ್ದು ಹಿತ್ತಲಿಗೆ ಹೋದ, ಬಚ್ಚಲಿನಲ್ಲಿ ಬಹಳ ಹೊತ್ತು ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು.

ಮಾರೆಣ್ಣ ಮತ್ತೆ ಬರಲಿಲ್ಲ, ಯಂತ್ರವೇ ಹೋಯಿತು, ಬೇರೆ ದೇಶದ್ದು ಬಂತು. ಅಜ್ಜಿ ಆ ತಾಟನ್ನು ಹಿತ್ತಲ ಮಾಡದಲ್ಲಿ ಇಡಲು ಕೇಳಿದಳು, ನಾನು ಕೊಡಲಿಲ್ಲ. ನನ್ನ ಟ್ರಂಕಿನಲ್ಲಿ ಇಟ್ಟೆ. ಮದುವೆಯಾಗಿ ಗಾಂಧಿನಗರಕ್ಕೆ ಬರುವಾಗ ಅದೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಈ ಗೋಡೆಯ ಮೇಲಿನ ಎಲ್ಲವನ್ನೂ ನಾನು ಆಮೇಲೆ ಕೂಡಿಸಿದ್ದು. ಹುಂಜದ್ದು ಸಿಕ್ಕಿದೆ, ನವಿಲುಗರಿಯದು ಸಿಕ್ಕಿದೆ, ಹೆಣ್ಣಿನ ಮುಖದವೇ ಹಲವಿವೆ. ಪ್ರತಿಯೊಂದು ಬಂದಾಗಲೂ ಮೊದಲು ಮಾರೆಣ್ಣನ ಹಾಗೆ ತಿರುವಿ ಬೆನ್ನು ನೋಡುತ್ತೇನೆ, ಅವನ ಅಕ್ಕನ ಗುರುತು ಇದೆಯೇ ಎಂದು. ಇಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ತಿರುವುತ್ತೇನೆ. ಮನೆಗೆ ಬಂದವರು ಹೊಗಳುತ್ತಾರೆ, ಟೀಚರಿಗೆ ಒಳ್ಳೆಯ ಹವ್ಯಾಸ ಎನ್ನುತ್ತಾರೆ. ನನಗೆ ಅದರಿಂದ ಒಂದು ದಿನವೂ ಹೊಟ್ಟೆ ತಣ್ಣಗಾಗಿಲ್ಲ.

ಹೋದ ತಿಂಗಳು ಸೊಸೆ ಕಪಾಟು ಒರೆಸುತ್ತ ಆ ಬಿಳಿ ತಾಟನ್ನು ಕೈಗೆತ್ತಿಕೊಂಡಳು.

"ಇದು ಉಣ್ಣೋ ತಾಟಲ್ಲೇನ್ರಿ ಅತ್ತಿ? ಯಾಕ ಸುಮ್ನ ಇಟ್ಟೀರಿ? ಇದ್ರಾಗ ಹಾಕ್ಲೇನು ಇವತ್ತು?"

ಹಾಕು ಎಂದೆ. ಅವಳು ಬಿಸಿ ಅನ್ನ ಹಾಕಿ, ಬೇಳೆಕಟ್ಟು ಬಿಟ್ಟು, ನನ್ನ ಮುಂದೆ ಇಟ್ಟಳು. ಕೈ ತೊಳೆದುಕೊಂಡು ಕೂತೆ. ಅನ್ನ ಕಲಸಿದೆ. ತುತ್ತು ಎತ್ತಲು ಆಗಲಿಲ್ಲ. ಮಣ್ಣು ಎಂಜಲು ಕುಡಿಯುತ್ತದೆ, ಒಮ್ಮೆ ಕುಡಿದರೆ ಒಡೆಯುವ ತನಕ ಬಿಡುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅದೊಂದು ಮಾತು ನಿಜವಾಗಿರಲಿ ಎಂದು ನಾನು ಜೀವಮಾನವಿಡೀ ಬೇಡಿಕೊಂಡಿದ್ದೇನೆ. ನಿಜವೇ ಆಗಿದ್ದರೆ ಅವ್ವ ಸಂಗನಕಲ್ಲಿನ ದಾರಿಯಲ್ಲಿ ಯಾರದೋ ಮನೆಯ ಬುನಾದಿಯ ಕೆಳಗೆ ಚೂರುಚೂರಾಗಿ ಇದ್ದಾಳೆ. ಅವಳು ಕೇಳಿ ತರಿಸಿಕೊಂಡ ಈ ತಾಟಿಗೆ ಮಾತ್ರ ಅವಳ ಬಾಯಿ ತಾಗಿಲ್ಲ.

"ಯಾಕ್ರಿ ಅತ್ತಿ, ಉಪ್ಪು ಕಮ್ಮಿ ಆತೇನು?" ಎಂದಳು ಸೊಸೆ.

ಇಲ್ಲ ಎಂದೆ. ಅನ್ನವನ್ನು ಸ್ಟೀಲಿನ ತಾಟಿಗೆ ಸುರಿದುಕೊಂಡೆ. ಬಿಳಿ ತಾಟನ್ನು ನಾನೇ ತೊಳೆದು, ಬೋರಲು ಹಾಕಿದೆ.